ಕೇಳಿಸಿಕೊಂಡ ಮೇಲೆ ಬದಲಾದದ್ದೇನು?

ಓದುಗರ ಪ್ರಶ್ನೆಗಳಿಗೆ ಉತ್ತರ: ಮಾನವ ಸಂಪನ್ಮೂಲ ನಾಯಕತ್ವ ಮತ್ತು ಭಾವನಾತ್ಮಕ ಬುದ್ಧಿವಂತಿಕೆ

ಉದ್ಯೋಗಸ್ಥಳದಲ್ಲಿ ಭಾವನಾತ್ಮಕ ಬುದ್ಧಿವಂತಿಕೆಯ ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದಾಗ ಮಾನವ ಸಂಪನ್ಮೂಲ ವಿಭಾಗವನ್ನು ಮುನ್ನಡೆಸುವವರಿಂದಲೂ, ಆ ವಿಭಾಗದ ಬಾಗಿಲು ತಟ್ಟಿ ನಿರಾಶರಾದವರಿಂದಲೂ ಪತ್ರಗಳು ಬಂದವು. ಬರೆದವರ ಗುರುತು ಸಿಗದಂತೆ ಪ್ರಶ್ನೆಗಳನ್ನು ಸಂಕ್ಷೇಪಿಸಿ ಇಲ್ಲಿ ಕೊಟ್ಟಿದ್ದೇವೆ.

ಪ್ರಶ್ನೆ: ವೇತನ ಮತ್ತು ನಿಯಮಪಾಲನೆಯ ಕೆಲಸವನ್ನು ಬಹುಕಾಲ ಮಾಡಿ ಈಗ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥೆಯಾಗಿದ್ದೇನೆ. ನಾಯಕರ ಯಶಸ್ಸಿನಲ್ಲಿ ಶೇ. 80ರಷ್ಟು ಪಾಲು ಭಾವನಾತ್ಮಕ ಬುದ್ಧಿವಂತಿಕೆಯದು ಎಂದು ತರಬೇತಿಯೊಂದರಲ್ಲಿ ಹೇಳಿಕೊಟ್ಟರು. ನಮ್ಮ ನಿರ್ದೇಶಕರೋ, ಎಚ್‌ಆರ್‌ನವರು ಮೆತ್ತಗಾದರೆ ಸಂಸ್ಥೆ ನಡೆಯುವುದಿಲ್ಲ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಶೇ. 80ರ ಮಾತನ್ನು ಮೊದಲು ಬದಿಗಿಡಿ. ಡೇನಿಯಲ್ ಗೋಲ್‌ಮನ್ 1995ರಲ್ಲಿ ಪ್ರಕಟಿಸಿದ ಜನಪ್ರಿಯ ಪುಸ್ತಕದಲ್ಲಿ, ಬದುಕಿನ ಯಶಸ್ಸನ್ನು ನಿರ್ಧರಿಸುವ ಅಂಶಗಳಲ್ಲಿ ಐಕ್ಯೂ ಪಾಲು ಹೆಚ್ಚೆಂದರೆ ಶೇ. 20ರಷ್ಟಿರಬಹುದು, ಉಳಿದದ್ದು ಸಾಮಾಜಿಕ ಹಿನ್ನೆಲೆಯಿಂದ ಹಿಡಿದು ಅದೃಷ್ಟದವರೆಗಿನ ಬೇರೆ ಸಂಗತಿಗಳಿಗೆ ಸೇರಿದ್ದು ಎಂಬ ಅರ್ಥದ ಮಾತಿದೆ. ಆ ಉಳಿದ 80 ಇಡಿಯಾಗಿ ಭಾವನಾತ್ಮಕ ಬುದ್ಧಿವಂತಿಕೆಯದೇ ಎಂದು ಅಲ್ಲಿ ಹೇಳಿಲ್ಲ. ತರಬೇತಿಯ ವೇದಿಕೆಗಳಲ್ಲಿ ಮಾತು ಬಾಯಿಂದ ಬಾಯಿಗೆ ಹೋಗುತ್ತ ಆ ರೂಪ ಪಡೆಯಿತು. ಈ ಪರಿಕಲ್ಪನೆಯನ್ನು ರೂಪಿಸಿದ ಸಂಶೋಧಕರಲ್ಲಿ ಒಬ್ಬರಾದ ಜಾನ್ ಮೇಯರ್ ಅವರೇ ಇಂಥ ಉತ್ಪ್ರೇಕ್ಷೆಗಳನ್ನು ಒಪ್ಪಿಲ್ಲ. ಹುಸಿ ಅಂಕಿಯನ್ನು ಹಿಡಿದುಕೊಂಡು ನಿರ್ದೇಶಕರ ಎದುರು ವಾದಕ್ಕೆ ನಿಂತರೆ, ಅದು ಬಿದ್ದ ದಿನ ನಿಮ್ಮ ನಿಜವಾದ ಮಾತುಗಳ ತೂಕವೂ ಕಡಿಮೆಯಾಗುತ್ತದೆ.

ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರ ಲೇಖನದಲ್ಲಿ ಮಂಡಿಸಿದ ಈ ವಿಚಾರವನ್ನು 1997ರಲ್ಲಿ ನಾಲ್ಕು ಸಾಮರ್ಥ್ಯಗಳಾಗಿ ವಿಂಗಡಿಸಿದರು: ತನ್ನಲ್ಲೂ ಇತರರಲ್ಲೂ ಇರುವ ಭಾವನೆಯನ್ನು ಸರಿಯಾಗಿ ಗುರುತಿಸುವುದು, ಅದನ್ನು ಆಲೋಚನೆಗೆ ನೆರವಾಗಿಸಿಕೊಳ್ಳುವುದು, ಅದು ಏತರಿಂದ ಹುಟ್ಟಿತು ಮತ್ತು ಮುಂದೆ ಏನಾಗಿ ಬೆಳೆಯಬಹುದು ಎಂಬುದನ್ನು ತಿಳಿಯುವುದು, ಕೊನೆಗೆ ಅದನ್ನು ನಿಭಾಯಿಸುವುದು. ಈ ನಾಲ್ಕರಲ್ಲಿ ಎಲ್ಲಿಯೂ ಮೆತ್ತಗಿರಬೇಕೆಂಬ ಮಾತಿಲ್ಲ. ನಿಮ್ಮ ನಿರ್ದೇಶಕರು ಹೆದರುತ್ತಿರುವುದು ಸಡಿಲತೆಗೆ, ಅಂದರೆ ತಪ್ಪು ಕಂಡರೂ ಮನಸ್ಸು ನೋಯಿಸಬಾರದೆಂದು ಸುಮ್ಮನಾಗುವುದಕ್ಕೆ. ಹಾಗೆ ಸುಮ್ಮನಾಗುವವರಿಗೆ ಸಾಮಾನ್ಯವಾಗಿ ಎದುರಿನವರ ನೋವಿಗಿಂತ ತಮ್ಮ ಮುಜುಗರವೇ ದೊಡ್ಡದಾಗಿರುತ್ತದೆ. ಆ ಮುಜುಗರವನ್ನು ಗುರುತಿಸಿಕೊಂಡು, ಆಡಬೇಕಾದ ಮಾತನ್ನು ಆಡುವುದೇ ಈ ಬುದ್ಧಿವಂತಿಕೆಯ ಕೆಲಸ.

ಡಾನಾ ಜೋಸೆಫ್ ಮತ್ತು ಡೇನಿಯಲ್ ನ್ಯೂಮನ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ತೀರ್ಮಾನ ನಿಮಗೆ ಹೆಚ್ಚು ಉಪಯುಕ್ತ. ಜನರ ಭಾವನೆಗಳೊಂದಿಗೆ ಸದಾ ವ್ಯವಹರಿಸಬೇಕಾದ ಉದ್ಯೋಗಗಳಲ್ಲಿ ಈ ಸಾಮರ್ಥ್ಯವಿದ್ದವರ ಕೆಲಸ ಉತ್ತಮವಾಗಿರುತ್ತದೆ. ಅಂಥ ಒತ್ತಡವಿಲ್ಲದ ಉದ್ಯೋಗಗಳಲ್ಲಿ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣುವುದಿಲ್ಲ. ದೂರು, ವಜಾ, ಬಡ್ತಿ ತಪ್ಪಿದವರ ಕಹಿ, ಮರಣದ ಸುದ್ದಿ ಎಲ್ಲವೂ ಬಂದು ಸೇರುವ ಎಚ್‌ಆರ್ ಮುಖ್ಯಸ್ಥರ ಹುದ್ದೆ ಯಾವ ಗುಂಪಿಗೆ ಸೇರಿದ್ದೆಂದು ಬೇರೆ ಹೇಳಬೇಕಿಲ್ಲ.

ನಾಲ್ಕರಲ್ಲಿ ಎರಡನೆಯದು, ಭಾವನೆಯನ್ನು ಆಲೋಚನೆಗೆ ಬಳಸಿಕೊಳ್ಳುವುದು, ನಮ್ಮ ಕಚೇರಿಗಳಲ್ಲಿ ಹೆಚ್ಚು ಕಡೆಗಣನೆಗೆ ಒಳಗಾಗಿದೆ ಎಂಬುದು ನನ್ನ ಅಭಿಪ್ರಾಯ. ಹೊಸ ಪಾಳಿ ವ್ಯವಸ್ಥೆಯನ್ನು ಪ್ರಕಟಿಸಿದ ಸಭೆಯಲ್ಲಿ ಒಬ್ಬರೂ ಪ್ರಶ್ನೆ ಕೇಳದಿದ್ದರೆ ವ್ಯವಸ್ಥಾಪಕರು ಅದನ್ನು ಒಪ್ಪಿಗೆ ಎಂದುಕೊಳ್ಳುತ್ತಾರೆ. ಆ ಮೌನದಲ್ಲಿರುವುದು ಒಪ್ಪಿಗೆಯೋ, ಭಯವೋ, ಹೇಳಿ ಪ್ರಯೋಜನವಿಲ್ಲವೆಂಬ ಬೇಸರವೋ ಎಂದು ಬೇರ್ಪಡಿಸಿ ನೋಡಿ, ಅದಕ್ಕೆ ತಕ್ಕಂತೆ ಯೋಜನೆಯನ್ನು ತಿದ್ದಬಲ್ಲವರು ಸಂಸ್ಥೆಗೆ ಬೇಕು. ನಿರ್ದೇಶಕರೊಂದಿಗೆ ಮಾತನಾಡುವಾಗ ಈ ಬಗೆಯ ಉದಾಹರಣೆಗಳನ್ನೇ ಮುಂದಿಡಿ: ಸಿಬ್ಬಂದಿಯ ಮನಸ್ಸಿನ ಸ್ಥಿತಿ ಮೊದಲೇ ತಿಳಿದದ್ದರಿಂದ ಯಾವ ನಿರ್ಧಾರ ತಿದ್ದುಪಡಿಯಾಯಿತು, ಯಾವ ರಾಜೀನಾಮೆ ತಪ್ಪಿತು ಎಂಬುದನ್ನು ಅವರು ಮೆತ್ತಗಿನ ಕೆಲಸವೆಂದು ತಳ್ಳಿಹಾಕಲಾರರು.

ಪ್ರಶ್ನೆ: ಮುಂದಿನ ತಿಂಗಳು ನಮ್ಮಲ್ಲಿ ಕೆಲವು ಹುದ್ದೆಗಳು ರದ್ದಾಗಲಿವೆ. ಕೆಲಸ ಕಳೆದುಕೊಳ್ಳುವವರಿಗೆ ಆ ವಿಷಯವನ್ನು ತಿಳಿಸಬೇಕಾದವನು ನಾನು. ಕಾನೂನು ವಿಭಾಗ ಒಂದು ಪುಟದ ಬರಹವನ್ನು ಕೊಟ್ಟು, ಇದರಾಚೆಗೆ ಒಂದು ಮಾತೂ ಆಡಬೇಡಿ ಎಂದಿದೆ. ಮನುಷ್ಯತ್ವ ಬಿಡದೆ ಈ ಕೆಲಸವನ್ನು ಮಾಡುವುದು ಸಾಧ್ಯವೇ?

ಉತ್ತರ: ಸಾಧ್ಯವಿದೆ, ಆದರೆ ಅದರ ಬಹುಪಾಲು ನೀವು ಆ ಕೊಠಡಿಗೆ ಹೋಗುವ ಮೊದಲೇ ನಡೆದಿರಬೇಕು.

ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ಇಲ್ಲಿ ವಿವರವಾಗಿಯೇ ಹೇಳಬೇಕು. ಒಂದೇ ಕಂಪನಿಯ ಎರಡು ಕಾರ್ಖಾನೆಗಳಲ್ಲಿ, ದೊಡ್ಡ ಗುತ್ತಿಗೆಗಳು ಕೈತಪ್ಪಿದ್ದರಿಂದ, 10 ವಾರಗಳ ಮಟ್ಟಿಗೆ ಎಲ್ಲರ ವೇತನವನ್ನು ಶೇ. 15ರಷ್ಟು ಕಡಿತಗೊಳಿಸಲಾಯಿತು. ಒಂದು ಕಾರ್ಖಾನೆಯಲ್ಲಿ ಕಂಪನಿಯ ಅಧ್ಯಕ್ಷರೇ ಬಂದು ಲೆಕ್ಕಪತ್ರಗಳನ್ನು ತೋರಿಸಿ, ಕಡಿತ ಏಕೆ ಅನಿವಾರ್ಯವೆಂದು ವಿವರಿಸಿ, ವಿಷಾದ ವ್ಯಕ್ತಪಡಿಸಿ, ಪ್ರಶ್ನೆಗಳಿಗೆ ಉತ್ತರಿಸಿದರು; ಆ ಸಭೆ ಸುಮಾರು ಒಂದೂವರೆ ಗಂಟೆ ನಡೆಯಿತು. ಇನ್ನೊಂದರಲ್ಲಿ ಸುಮಾರು 15 ನಿಮಿಷಗಳ ಸಭೆಯಲ್ಲಿ ಕಾರಣವನ್ನು ಸರಿಯಾಗಿ ಬಿಡಿಸಿ ಹೇಳದೆ ಸುದ್ದಿಯನ್ನು ಮುಗಿಸಿದರು. ಕಡಿತದ ಅವಧಿಯಲ್ಲಿ ಎರಡೂ ಕಡೆ ಕಾರ್ಖಾನೆಯ ವಸ್ತುಗಳ ಕಳವು ಹೆಚ್ಚಿತು. ಆದರೆ ಸರಿಯಾದ ವಿವರಣೆ ಸಿಗದ ಕಡೆ ಅದು ಬಹಳ ಹೆಚ್ಚಾಯಿತು, ಕೆಲಸ ಬಿಟ್ಟು ಹೋದವರೂ ಅಲ್ಲಿಯೇ ಹೆಚ್ಚು. ಕಳೆದುಕೊಂಡ ಹಣ ಎರಡೂ ಕಡೆ ಒಂದೇ ಆಗಿದ್ದರೂ, ತಮ್ಮನ್ನು ಹೇಗೆ ನಡೆಸಿಕೊಂಡರು ಎಂಬುದು ಕಾರ್ಮಿಕರ ವರ್ತನೆಯನ್ನು ಬದಲಿಸಿತು.

ಇದರಿಂದ ಕೆಲವರು, ಸವಿಯಾಗಿ ಹೇಳಿದರೆ ಜನ ಏನನ್ನೂ ಒಪ್ಪುತ್ತಾರೆ ಎಂಬ ಅಪಾಯಕಾರಿ ಪಾಠವನ್ನು ಕಲಿಯುತ್ತಾರೆ. ಮೊದಲ ಕಾರ್ಖಾನೆಯಲ್ಲಿ ಹೇಳಿದ ಕಾರಣ ನಿಜವಾಗಿತ್ತು, ಅದಕ್ಕೆ ಪುರಾವೆಯಿತ್ತು, ಹೊಣೆಯುಳ್ಳವರೇ ಬಂದು ಎದುರಿಗೆ ನಿಂತರು ಎಂಬುದನ್ನು ಮರೆಯಬಾರದು. ಆದ್ದರಿಂದ ಈ ತಿಂಗಳಿನೊಳಗೆ ನೀವು ಮಾಡಬೇಕಾದ ಮೊದಲ ಕೆಲಸವೆಂದರೆ, ಯಾರನ್ನು ಯಾವ ಮಾನದಂಡದ ಮೇಲೆ ಆರಿಸಲಾಯಿತು ಎಂಬುದನ್ನು ಲಿಖಿತವಾಗಿ ಪಡೆದು, ಪ್ರತಿಯೊಂದು ಹೆಸರಿಗೂ ಅದನ್ನು ಹೊಂದಿಸಿ ನೋಡುವುದು. “ನಾನೇ ಏಕೆ?” ಎಂಬ ಪ್ರಶ್ನೆ ಖಂಡಿತ ಬರುತ್ತದೆ. ಒಂದು ಹೆಸರಿಗಾದರೂ ನಿಮಗೆ ಪ್ರಾಮಾಣಿಕ ಉತ್ತರ ದೊರೆಯದಿದ್ದರೆ ಆ ನಿರ್ಧಾರವನ್ನು ಮೇಲಿನವರ ಬಳಿಗೆ ಮರಳಿ ಒಯ್ಯಿರಿ. ಹಾಗೆಯೇ ನೋಟಿಸ್ ಅವಧಿ, ಬಾಕಿ ಹಣ, ವಿಮೆಯ ಮುಂದುವರಿಕೆ, ಶಿಫಾರಸು ಪತ್ರ ಇವುಗಳಿಗಾಗಿ ಚೌಕಾಸಿ ಮಾಡಬೇಕಾದವರು ನೀವು. ಪಟ್ಟಿಯಲ್ಲಿರುವವರ ಪರವಾಗಿ ಆ ಸಭೆಯಲ್ಲಿ ಮಾತನಾಡಲು ಬೇರೆ ಯಾರೂ ಇರುವುದಿಲ್ಲ.

ಕಾನೂನು ವಿಭಾಗದ ಪುಟವನ್ನು ಶತ್ರುವೆಂದು ಭಾವಿಸಬೇಡಿ. ದಿನಾಂಕ, ಮೊತ್ತ, ಕಾರಣ ಇವು ಎಲ್ಲರಿಗೂ ಒಂದೇ ರೀತಿಯಲ್ಲಿ ತಲುಪುವುದು ನ್ಯಾಯವೇ. ಆದರೆ ಅದನ್ನು ಓದಿ ಹೇಳಬೇಡಿ. ಅದರಲ್ಲಿರುವುದನ್ನು ಮನನ ಮಾಡಿಕೊಂಡು, ಎದುರಿನವರನ್ನು ನೋಡುತ್ತ ಹೇಳಿ. ನೇರ ಮೇಲಧಿಕಾರಿಯೂ ಜೊತೆಯಲ್ಲಿರಬೇಕೆಂದು ಒತ್ತಾಯಿಸಿ, ಏಕೆಂದರೆ ವರ್ಷಗಟ್ಟಲೆ ಕೆಲಸ ಮಾಡಿಸಿಕೊಂಡವರು ಆ ಹೊತ್ತಿನಲ್ಲಿ ಕಾಣೆಯಾದರೆ ಅದೊಂದು ಪ್ರತ್ಯೇಕ ಅವಮಾನವಾಗಿ ಉಳಿಯುತ್ತದೆ. ಯೋಗಕ್ಷೇಮ ವಿಚಾರಿಸುತ್ತ ಕಾಲ ಕಳೆಯದೆ, “ಕೆಟ್ಟ ಸುದ್ದಿಯೊಂದನ್ನು ಹೇಳಬೇಕಾಗಿದೆ” ಎಂದು ಎಚ್ಚರಿಸಿ, ಮರುವಾಕ್ಯದಲ್ಲಿಯೇ ಹುದ್ದೆ ರದ್ದಾಗಿರುವುದನ್ನೂ ಕೊನೆಯ ಕೆಲಸದ ದಿನವನ್ನೂ ತಿಳಿಸಿ. ಆಮೇಲೆ ಸುಮ್ಮನಿರಿ. ಕ್ಯಾನ್ಸರ್ ರೋಗಿಗಳಿಗೆ ಕೆಟ್ಟ ಸುದ್ದಿ ತಿಳಿಸುವ ವಿಧಾನವೊಂದನ್ನು ವಾಲ್ಟರ್ ಬೈಲ್, ರಾಬರ್ಟ್ ಬಕ್‌ಮನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಆರು ಹಂತಗಳಲ್ಲಿ ರೂಪಿಸಿದರು. ಮುನ್ಸೂಚನೆ ಕೊಟ್ಟು, ಸರಳ ಮಾತಿನಲ್ಲಿ ತಿಳಿಸಿ, ಎದುರಿನವರ ಭಾವನೆಗೆ ಎಡೆ ಕೊಟ್ಟು, ಆಮೇಲಷ್ಟೇ ಮುಂದಿನ ಯೋಜನೆಗೆ ಹೋಗುವ ಆ ಕ್ರಮ ಇಲ್ಲಿಯೂ ಹೊಂದುತ್ತದೆ.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ರೋಗವನ್ನು ವೈದ್ಯರು ತಂದಿರುವುದಿಲ್ಲ. ಈ ನಿರ್ಧಾರವನ್ನು ತೆಗೆದುಕೊಂಡದ್ದು ನೀವು ಪ್ರತಿನಿಧಿಸುವ ಸಂಸ್ಥೆ. ಹೀಗಾಗಿ “ನನಗೂ ನಿಮ್ಮಷ್ಟೇ ನೋವಾಗಿದೆ”, “ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ” ಎಂಬಂಥ ಮಾತುಗಳು ನಿಜವಾಗಿದ್ದರೂ ಅಲ್ಲಿ ಆಡತಕ್ಕವಲ್ಲ. ಕೆಲಸ ಕಳೆದುಕೊಂಡವರ ಮೇಲೆ ನಿಮ್ಮನ್ನು ಸಮಾಧಾನಪಡಿಸುವ ಹೊರೆಯೂ ಬೀಳಬಾರದು. ಸಿಟ್ಟು ಬಂದರೆ ಅದಕ್ಕೆ ಕಾರಣವಿದೆಯೆಂದು ಒಪ್ಪಿಕೊಳ್ಳಿ, ಪ್ರತಿವಾದಕ್ಕೆ ಇಳಿಯಬೇಡಿ. ನಿರ್ಧಾರ ಬದಲಾಗುವ ಸಾಧ್ಯತೆಯಿಲ್ಲದಿದ್ದಾಗ ಕನಿಕರದಿಂದ “ನೋಡೋಣ” ಎನ್ನುವುದು ಅತ್ಯಂತ ಕ್ರೂರವಾದ ಮಾತು, ಏಕೆಂದರೆ ಅವರು ಆ ಒಂದು ಪದವನ್ನು ನೆಚ್ಚಿಕೊಂಡು ಬೇರೆ ಕೆಲಸ ಹುಡುಕುವುದನ್ನು ಮುಂದೂಡಬಹುದು.

ಆಘಾತದಲ್ಲಿರುವವರಿಗೆ ಮೊತ್ತ, ದಿನಾಂಕಗಳು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಎಲ್ಲವನ್ನೂ ಬರೆದು ಕೊಡಿ, ಸಹಿಯನ್ನು ಆ ಕ್ಷಣವೇ ಕೇಳಬೇಡಿ, ಒಂದೆರಡು ದಿನಗಳ ನಂತರ ಮತ್ತೊಮ್ಮೆ ಕುಳಿತು ಮಾತನಾಡುವ ಸಮಯವನ್ನು ಅಲ್ಲಿಯೇ ಗೊತ್ತುಪಡಿಸಿ. ಸಹೋದ್ಯೋಗಿಗಳಿಗೆ ವಿದಾಯ ಹೇಳಲು ಬಿಡದೆ, ಕಾವಲುಗಾರರ ಜೊತೆ ಹೊರಗೆ ಕಳುಹಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನು ಬದಲಿಸಲು ಈಗಲೇ ಹೋರಾಡಿ. ಉಳಿದುಕೊಂಡವರು ಇದೆಲ್ಲವನ್ನೂ ನೋಡುತ್ತಿರುತ್ತಾರೆ. ಹೊರಹೋದವರನ್ನು ನ್ಯಾಯವಾಗಿ ನಡೆಸಿಕೊಳ್ಳಲಿಲ್ಲವೆಂದು ಅನ್ನಿಸಿದಾಗ ಉಳಿದವರ ನಿಷ್ಠೆ ಕುಸಿಯುತ್ತದೆ ಎಂಬುದನ್ನು ಜೋಯಲ್ ಬ್ರಾಕ್ನರ್ ಅವರ ಸಂಶೋಧನೆಗಳು ತೋರಿಸಿವೆ. ಉಳಿದವರೊಂದಿಗೆ ಅದೇ ದಿನ ಮಾತನಾಡಿ. ಇನ್ನೂ ಕಡಿತವಿದೆಯೇ ಎಂದು ಕೇಳಿದಾಗ, ಇಲ್ಲವೆಂಬುದು ಖಚಿತವಾಗಿದ್ದರೆ ಮಾತ್ರ ಇಲ್ಲವೆನ್ನಿ.

ಪ್ರಶ್ನೆ: ನಮ್ಮ ಹಿರಿಯ ವ್ಯವಸ್ಥಾಪಕರೊಬ್ಬರು ಕಿರಿಯರನ್ನು ಹೀಯಾಳಿಸುತ್ತಾರೆಂಬ ದೂರುಗಳಿದ್ದವು. ಅವರನ್ನು ಭಾವನಾತ್ಮಕ ಬುದ್ಧಿವಂತಿಕೆಯ ಕಾರ್ಯಾಗಾರಕ್ಕೆ ಕಳುಹಿಸಿದೆವು. ಮರಳಿದ ಮೇಲೆ ದನಿ ಮೃದುವಾಗಿದೆ, ಆದರೆ ಕಿರಿಯರು ಮೊದಲಿಗಿಂತ ಹೆಚ್ಚು ಹೆದರುತ್ತಿದ್ದಾರೆ. ಎಲ್ಲಿ ತಪ್ಪಾಯಿತು?

ಉತ್ತರ: ಶಿಸ್ತಿನ ಕ್ರಮ ಬೇಕಿದ್ದ ಕಡೆ ತರಬೇತಿಯನ್ನು ಕೊಟ್ಟಿದ್ದೀರಿ. ಇನ್ನೊಬ್ಬರ ಮನಸ್ಸನ್ನು ಓದುವ ಶಕ್ತಿ ತಾನಾಗಿಯೇ ಒಳ್ಳೆಯತನವನ್ನು ತರುವುದಿಲ್ಲ. ಸ್ಟೆಫಾನ್ ಕೋಟೆ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಭಾವನೆಗಳನ್ನು ನಿಭಾಯಿಸುವ ತಿಳಿವಳಿಕೆ ನೈತಿಕ ಕಾಳಜಿಯುಳ್ಳವರಲ್ಲಿ ಪರಹಿತದ ನಡೆಗೆ ಪೂರಕವಾಗಿತ್ತು. ಇತರರನ್ನು ತಮ್ಮ ಉದ್ದೇಶಕ್ಕೆ ಬಳಸಿಕೊಳ್ಳುವ ಪ್ರವೃತ್ತಿಯವರಲ್ಲಿ ಅದೇ ತಿಳಿವಳಿಕೆ ಸಹೋದ್ಯೋಗಿಗಳನ್ನು ಕಾಡುವ ನಡೆಗೆ ಪೂರಕವಾಗಿತ್ತು. ಸಭೆಯಲ್ಲಿ ಕೂಗಾಡುತ್ತಿದ್ದವರು ಈಗ ಪ್ರತ್ಯೇಕವಾಗಿ ಕರೆದು, “ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ, ಈ ಕೆಲಸ ನಿಮ್ಮಿಂದಾಗದೇನೋ” ಎಂದರೆ ಆ ಮಾತಿನ ವಿರುದ್ಧ ದೂರು ಬರೆಯುವುದೂ ಕಷ್ಟ.

ಕಿರಿಯರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಿ, ಆದರೆ ಹೇಗನ್ನಿಸುತ್ತದೆ ಎಂದು ಕೇಳಿ ನಿಲ್ಲಿಸದೆ ಏನು ನಡೆಯಿತು, ಯಾವಾಗ, ಯಾರ ಎದುರಿಗೆ ಎಂಬುದನ್ನು ದಾಖಲಿಸಿ. ಆ ತಂಡದಿಂದ ಬಿಟ್ಟು ಹೋದವರನ್ನೂ ವಿಚಾರಿಸಿ, ಅವರಿಗೆ ಭಯವಿರುವುದಿಲ್ಲ. ಆಮೇಲೆ ಆ ವ್ಯವಸ್ಥಾಪಕರಿಗೆ ಸ್ಪಷ್ಟವಾಗಿ, ಬರವಣಿಗೆಯಲ್ಲಿ, ಯಾವ ವರ್ತನೆ ನಿಲ್ಲಬೇಕು, ನಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ತಿಳಿಸಿ. ಅವರು ತರುವ ವ್ಯವಹಾರದ ಮೊತ್ತ ದೊಡ್ಡದೆಂದು ಆಡಳಿತ ಹಿಂಜರಿದರೆ, ಆ ತಂಡವನ್ನು ತೊರೆದವರ ಜಾಗಕ್ಕೆ ಹೊಸಬರನ್ನು ತಂದು ಕಲಿಸಲು ತಗಲಿದ ವೆಚ್ಚವನ್ನು ಅದರ ಪಕ್ಕದಲ್ಲಿಡಿ. ಬದಲಾಗಲು ಮನಸ್ಸಿರುವವರಿಗೆ ತರಬೇತಿ ನೆರವಾಗುತ್ತದೆ; ಮನಸ್ಸಿಲ್ಲದವರಿಗೆ ಅದು ಒಂದು ಪ್ರಮಾಣಪತ್ರವನ್ನಷ್ಟೇ ಕೊಡುತ್ತದೆ, ಮುಂದಿನ ದೂರು ಬಂದಾಗ ಅವರು ಅದನ್ನೇ ತೋರಿಸುತ್ತಾರೆ.

ಪ್ರಶ್ನೆ: ದಿನವಿಡೀ ಎಲ್ಲರ ದುಃಖ, ಸಿಟ್ಟು, ಅಳು ಕೇಳಿ ಮನೆಗೆ ಹೋಗುವಾಗ ನನ್ನಲ್ಲಿ ಏನೂ ಉಳಿದಿರುವುದಿಲ್ಲ. ಎಚ್‌ಆರ್‌ನವರು ಯಾವಾಗಲೂ ಶಾಂತವಾಗಿ ಕಾಣಬೇಕೆಂಬ ನಿರೀಕ್ಷೆ ಬೇರೆ. ಈ ಕೆಲಸಕ್ಕೆ ನಾನು ತಕ್ಕವಳಲ್ಲವೇ?

ಉತ್ತರ: ದಣಿವು ಅಸಾಮರ್ಥ್ಯದ ಗುರುತಲ್ಲ, ನೀವು ಮಾಡುತ್ತಿರುವ ಕೆಲಸದ ಒಂದು ಭಾಗ ಯಾರ ಲೆಕ್ಕಕ್ಕೂ ಬಂದಿಲ್ಲ ಅಷ್ಟೇ. ವೃತ್ತಿಯ ಭಾಗವಾಗಿ ನಿಗದಿತ ಭಾವನೆಯನ್ನು ತೋರಬೇಕಾದ ಈ ಶ್ರಮವನ್ನು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಕಿಯರ ಅಧ್ಯಯನದ ಮೂಲಕ ವಿವರಿಸಿದರು. ಮುಖದ ಮೇಲಷ್ಟೇ ಭಾವನೆಯನ್ನು ತೋರುವುದಕ್ಕೂ, ಒಳಗಿನ ಭಾವನೆಯನ್ನೇ ಸನ್ನಿವೇಶಕ್ಕೆ ತಕ್ಕಂತೆ ಬದಲಿಸಿಕೊಳ್ಳುವುದಕ್ಕೂ ಅವರು ಭೇದವನ್ನು ಗುರುತಿಸಿದರು; ಮೊದಲನೆಯದು ಬಳಲಿಕೆಯೊಂದಿಗೆ ಬಿಗಿಯಾಗಿ ತಳುಕು ಹಾಕಿಕೊಂಡಿದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ. ಜೇಮ್ಸ್ ಗ್ರಾಸ್ ಅವರ ಪ್ರಯೋಗಗಳ ಪ್ರಕಾರ, ಉಕ್ಕಿಬಂದ ಭಾವನೆಯನ್ನು ಹೊರಗೆ ಕಾಣದಂತೆ ಅದುಮಿಟ್ಟರೆ ದೇಹದ ಉದ್ವೇಗ ಇಳಿಯುವುದಿಲ್ಲ, ಆ ಹೊತ್ತಿನಲ್ಲಿ ಕೇಳಿದ ಮಾತುಗಳ ನೆನಪೂ ಮಸುಕಾಗುತ್ತದೆ. ಸದಾ ಶಾಂತವಾಗಿ ಕಾಣಬೇಕೆಂಬ ನಿರೀಕ್ಷೆ ನಿಮ್ಮನ್ನು ದಣಿಸುವುದರ ಜೊತೆಗೆ ನಿಮ್ಮ ಆಲಿಸುವಿಕೆಯನ್ನೂ ಕೆಡಿಸುತ್ತದೆ.

ಇನ್ನೊಂದು ಭೇದವನ್ನು ನರವಿಜ್ಞಾನಿ ತಾನ್ಯಾ ಸಿಂಗರ್ ಮತ್ತು ಓಲ್ಗಾ ಕ್ಲಿಮೆಕಿ ತೋರಿಸಿದ್ದಾರೆ. ಎದುರಿನವರ ನೋವನ್ನು ತನ್ನದಾಗಿಸಿಕೊಂಡು ಅನುಭವಿಸುವುದು ಒಂದು. ಅವರಿಗೆ ಒಳಿತಾಗಲೆಂಬ ಕಾಳಜಿಯಿಂದ ನೋಡುವುದು ಇನ್ನೊಂದು. ಮೊದಲನೆಯದರ ಅಭ್ಯಾಸ ಸಂಕಟದ ಭಾವನೆಗಳನ್ನು ಹೆಚ್ಚಿಸಿತು, ಎರಡನೆಯದರ ಅಭ್ಯಾಸ ಅವುಗಳನ್ನು ತಗ್ಗಿಸಿತು. ನಿಮ್ಮ ಮುಂದೆ ಒಬ್ಬರು ಅಳುತ್ತಿರುವಾಗ “ಇದು ನನಗೇ ಆಗಿದ್ದರೆ” ಎಂದುಕೊಳ್ಳುವ ಬದಲು “ಇವರಿಗೆ ಈಗ ಏನು ಬೇಕಾಗಿದೆ” ಎಂದು ಕೇಳಿಕೊಳ್ಳುವುದು ಅಭ್ಯಾಸದಿಂದ ಬರುವಂಥದ್ದೇ.

ಆದರೆ ಎಲ್ಲವನ್ನೂ ನಿಮ್ಮ ಅಭ್ಯಾಸದ ಮೇಲೆ ಹೊರಿಸಲು ನಾನು ಸಿದ್ಧನಿಲ್ಲ. ಸಂಸ್ಥೆಯ ನೋವುಗಳನ್ನೆಲ್ಲ ಮೌನವಾಗಿ ಹೀರಿಕೊಳ್ಳುವ ವ್ಯಕ್ತಿಗಳ ಕುರಿತು ಪೀಟರ್ ಫ್ರಾಸ್ಟ್ ಮತ್ತು ಸಾಂಡ್ರಾ ರಾಬಿನ್ಸನ್ 1999ರಲ್ಲಿ ಬರೆದರು. ಅವರಿಲ್ಲದೆ ಸಂಸ್ಥೆ ನಡೆಯದಿದ್ದರೂ ಅವರ ಆರೋಗ್ಯದ ಬೆಲೆಯನ್ನು ಯಾರೂ ಗಮನಿಸುವುದಿಲ್ಲ ಎಂಬುದು ಈ ಲೇಖಕರ ಮುಖ್ಯ ಕಾಳಜಿಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಬರ್ನ್‌ಔಟನ್ನು, ಸರಿಯಾಗಿ ನಿಭಾಯಿಸದ ದೀರ್ಘಕಾಲದ ಕೆಲಸದ ಒತ್ತಡದಿಂದ ಉಂಟಾಗುವ ಔದ್ಯೋಗಿಕ ವಿದ್ಯಮಾನವೆಂದು ನಿರೂಪಿಸಿತೇ ಹೊರತು ವ್ಯಕ್ತಿಯ ದೌರ್ಬಲ್ಯವೆಂದಲ್ಲ. ಕಷ್ಟದ ಭೇಟಿಗಳನ್ನು ಒಂದರ ಹಿಂದೊಂದು ಇಡದಿರುವುದು, ದೂರುಗಳ ವಿಚಾರಣೆಯನ್ನು ಇಬ್ಬರು ಮೂವರು ಹಂಚಿಕೊಳ್ಳುವುದು, ಹೆಸರು ಹೇಳದೆ ಪ್ರಕರಣಗಳನ್ನು ಚರ್ಚಿಸಬಹುದಾದ ಹೊರಗಿನ ಆಪ್ತಸಮಾಲೋಚಕರ ನೆರವು ಪಡೆಯುವುದು, ಇವನ್ನು ನಿಮ್ಮ ಮೇಲಧಿಕಾರಿಗಳ ಮುಂದೆ ಕೆಲಸದ ಅಗತ್ಯಗಳೆಂದೇ ಮಂಡಿಸಿ. ಒಂದೇ ತಂಡದಿಂದ ಒಂದೇ ಬಗೆಯ ಅಳು ಮತ್ತೆ ಮತ್ತೆ ಬರುತ್ತಿದ್ದರೆ, ನಿಮ್ಮ ದಣಿವಿಗೆ ಮದ್ದು ಆ ತಂಡದ ಕೆಲಸದ ಹಂಚಿಕೆಯನ್ನು ಸರಿಪಡಿಸುವುದರಲ್ಲಿದೆ.

ಪ್ರಶ್ನೆ: ನಾನು ಎಚ್‌ಆರ್‌ನಲ್ಲಿಲ್ಲ, ಸಾಮಾನ್ಯ ಉದ್ಯೋಗಿ. ನನ್ನ ಮೇಲಧಿಕಾರಿಯ ಕುರಿತ ಸಮಸ್ಯೆಯನ್ನು ಎಚ್‌ಆರ್ ಮುಖ್ಯಸ್ಥರ ಬಳಿ ಹೇಳಿಕೊಂಡೆ. ಅವರು ಬಹಳ ಸಹಾನುಭೂತಿಯಿಂದ ಕೇಳಿಸಿಕೊಂಡರು, ಇದು ನಮ್ಮಿಬ್ಬರಲ್ಲೇ ಇರುತ್ತದೆ ಎಂದರು. ಒಂದೇ ವಾರದಲ್ಲಿ ಮೇಲಧಿಕಾರಿಗೆ ವಿಷಯ ತಿಳಿದಿತ್ತು. ಆ ಸಹಾನುಭೂತಿ ನಾಟಕವಾಗಿತ್ತೇ?

ಉತ್ತರ: ನಾಟಕವಾಗಿರಲೇಬೇಕೆಂದಿಲ್ಲ, ಆದರೆ ನಿಮಗೆ ಅನ್ಯಾಯವಾಗಿದೆ. ಮುರಿಯಬೇಕಾಗಬಹುದಾದ ಮಾತನ್ನು ಅವರು ಕೊಡಬಾರದಿತ್ತು. ಕೆಲವು ವಿಷಯಗಳನ್ನು, ಮುಖ್ಯವಾಗಿ ಕಿರುಕುಳ ಮತ್ತು ಸುರಕ್ಷತೆಗೆ ಸಂಬಂಧಿಸಿದವನ್ನು, ತಿಳಿದ ಮೇಲೆ ಎಚ್‌ಆರ್ ಸುಮ್ಮನಿರುವಂತಿಲ್ಲ; ವಿಚಾರಣೆ ನಡೆಸಬೇಕಾಗುತ್ತದೆ, ಆಗ ಆರೋಪಕ್ಕೆ ಒಳಗಾದವರಿಗೂ ವಿಷಯವನ್ನು ತಿಳಿಸಬೇಕಾಗುತ್ತದೆ. ಅದನ್ನು ಮಾತುಕತೆಯ ಆರಂಭದಲ್ಲಿಯೇ ತಿಳಿಸಿ, ನೀವು ಎಷ್ಟನ್ನು ಹೇಳಬೇಕೆಂಬ ತೀರ್ಮಾನವನ್ನು ನಿಮಗೇ ಬಿಡಬೇಕಿತ್ತು. ಎದುರಿನವರ ಸಂಕಟವನ್ನು ಕಂಡು, ಆ ಕ್ಷಣಕ್ಕೆ ಸಾಂತ್ವನವಾಗಲೆಂದು ಭರವಸೆ ಕೊಟ್ಟುಬಿಡುವುದು ಈ ವೃತ್ತಿಯಲ್ಲಿ ಒಳ್ಳೆಯ ಮನಸ್ಸಿನವರೇ ಹೆಚ್ಚಾಗಿ ಮಾಡುವ ತಪ್ಪು.

ನಿಮ್ಮ ಪ್ರಶ್ನೆಯ ಹಿಂದೆ ಒಂದು ಶತಮಾನದ ಇತಿಹಾಸವಿದೆ. ಅಮೆರಿಕದ ಷಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಸಂದರ್ಶಿಸಲಾಯಿತು. ಮೊದಲಿಗೆ ಸಿದ್ಧ ಪ್ರಶ್ನೆಗಳನ್ನು ಕೇಳುತ್ತಿದ್ದ ಸಂದರ್ಶಕರು, ಕಾರ್ಮಿಕರು ತಮ್ಮ ಮನಸ್ಸಿನಲ್ಲಿರುವುದನ್ನೇ ಹೇಳಬಯಸುತ್ತಾರೆಂದು ಕಂಡುಕೊಂಡು, ಪ್ರಶ್ನೆಗಳನ್ನು ಬಿಟ್ಟು ಆಲಿಸತೊಡಗಿದರು. ಅರ್ಧ ಗಂಟೆಯ ಸಂದರ್ಶನ ಒಂದೂವರೆ ಗಂಟೆಗೆ ಬೆಳೆಯಿತು. ಹೆಸರುಗಳನ್ನು ತೆಗೆದು, ಆ ಮಾತುಗಳನ್ನು ಮೇಲ್ವಿಚಾರಕರ ತರಬೇತಿಯಲ್ಲಿ ಬಳಸಿಕೊಂಡರು. 1936ರಲ್ಲಿ ಅಲ್ಲಿಯೇ ಆರಂಭವಾದ ಆಪ್ತಸಮಾಲೋಚನೆಯ ವ್ಯವಸ್ಥೆಯಲ್ಲಿ ಸಮಾಲೋಚಕರು ಕೇಳಿಸಿಕೊಳ್ಳಬಹುದಿತ್ತು, ಆದರೆ ಕೇಳಿದ್ದರ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಕಾರ್ಮಿಕರ ಕುಂದುಕೊರತೆಗಳನ್ನು ಪರಿಹರಿಸುವ ಬದಲು ಮಾತಿನಲ್ಲಿ ಕರಗಿಸುವ ಉಪಾಯವಿದು ಎಂಬ ಟೀಕೆ ಬಂದದ್ದು ಆಶ್ಚರ್ಯವಲ್ಲ. ಕೇಳಿಸಿಕೊಂಡ ಮೇಲೆ ಏನೂ ಬದಲಾಗದಿದ್ದರೆ ಆ ಆಲಿಸುವಿಕೆಯೇ ನಂಬಿಕೆಯನ್ನು ಸವೆಸುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ನೀವು ಮಾಡಬಹುದಾದದ್ದು: ಆ ಮುಖ್ಯಸ್ಥರ ಬಳಿಗೆ ಮತ್ತೊಮ್ಮೆ ಹೋಗಿ, ಯಾವ ವಿಷಯ ಯಾರಿಗೆ, ಯಾವ ಕಾರಣಕ್ಕೆ ತಿಳಿಸಲಾಯಿತು ಎಂಬುದನ್ನು ಕೇಳಿ, ಉತ್ತರವನ್ನು ಇಮೇಲ್ ಮೂಲಕ ದೃಢಪಡಿಸಿಕೊಳ್ಳಿ. ಮೇಲಧಿಕಾರಿ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುತ್ತಿರುವ ಲಕ್ಷಣಗಳಿದ್ದರೆ ದಿನಾಂಕ ಸಮೇತ ಬರೆದಿಟ್ಟು ಔಪಚಾರಿಕ ದೂರನ್ನೇ ಸಲ್ಲಿಸಿ. ಮುಂದೆ ಯಾರೇ ಎಚ್‌ಆರ್ ಅಧಿಕಾರಿಯ ಮುಂದೆ ಕುಳಿತರೂ, “ನಾನು ಹೇಳಿದ್ದನ್ನು ನೀವು ಯಾರಿಗೆಲ್ಲ ತಿಳಿಸಬೇಕಾಗುತ್ತದೆ?” ಎಂದು ಮೊದಲೇ ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ವಿಡಿಯೊ ಸಭೆಗಳಲ್ಲಿ ಸಿಬ್ಬಂದಿಯ ಮುಖಭಾವವನ್ನು ಓದಿ, ಅವರ ಮನಃಸ್ಥಿತಿಯನ್ನು ಎಚ್‌ಆರ್‌ಗೆ ವರದಿ ಮಾಡುವ ಸಾಫ್ಟ್‌ವೇರ್ ಕೊಳ್ಳಲು ನಮ್ಮ ಸಂಸ್ಥೆ ಯೋಚಿಸುತ್ತಿದೆ. ನಿಮ್ಮ ಸಲಹೆ?

ಉತ್ತರ: ಬೇಡ. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಹೋದ್ಯೋಗಿಗಳು 2019ರಲ್ಲಿ ಈ ಕ್ಷೇತ್ರದ ಸಂಶೋಧನೆಗಳನ್ನು ಪರಿಶೀಲಿಸಿ, ಮುಖದ ಚಲನೆಯನ್ನಷ್ಟೇ ನೋಡಿ ಒಳಗಿನ ಭಾವನೆಯನ್ನು ವಿಶ್ವಾಸಾರ್ಹವಾಗಿ ನಿರ್ಣಯಿಸಲಾಗದು ಎಂಬ ತೀರ್ಮಾನಕ್ಕೆ ಬಂದರು. ಸಿಟ್ಟಾದವರೆಲ್ಲ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರು ಬರಿದೇ ಗಮನವಿಟ್ಟು ಯೋಚಿಸುತ್ತಿರಬಹುದು. ಐರೋಪ್ಯ ಒಕ್ಕೂಟದ ಕೃತಕ ಬುದ್ಧಿಮತ್ತೆ ಕಾಯ್ದೆಯಂತೂ, ವೈದ್ಯಕೀಯ ಹಾಗೂ ಸುರಕ್ಷತಾ ಕಾರಣಗಳನ್ನು ಹೊರತುಪಡಿಸಿ, ಉದ್ಯೋಗಸ್ಥಳದಲ್ಲಿ ಭಾವನೆಗಳನ್ನು ಊಹಿಸುವ ಇಂಥ ವ್ಯವಸ್ಥೆಗಳನ್ನು 2025ರ ಫೆಬ್ರುವರಿ 2ರಿಂದ ನಿಷೇಧಿಸಿದೆ. ಮುಖವನ್ನು ಯಾರೋ ಅಳೆಯುತ್ತಿದ್ದಾರೆಂದು ತಿಳಿದ ಉದ್ಯೋಗಿ ಮಾಡುವ ಮೊದಲ ಕೆಲಸ ಮುಖವನ್ನು ಮುಚ್ಚಿಕೊಳ್ಳುವುದು. ಆ ಹಣದಲ್ಲಿ ತಂಡದ ಮುಖ್ಯಸ್ಥರಿಗೆ ತಮ್ಮ ಜನರೊಂದಿಗೆ ಪ್ರತ್ಯೇಕವಾಗಿ ಮಾತನಾಡುವಷ್ಟು ಬಿಡುವು ಸಿಗುವಂತೆ ಮಾಡಿ.

ಪ್ರಶ್ನೆ: ಎಚ್‌ಆರ್ ಮುಖ್ಯಸ್ಥರನ್ನು ಆಯ್ಕೆ ಮಾಡುವಾಗ ಅಭ್ಯರ್ಥಿಯ ಭಾವನಾತ್ಮಕ ಬುದ್ಧಿವಂತಿಕೆಯನ್ನು ಅಳೆಯುವುದು ಹೇಗೆ?

ಉತ್ತರ: “ನಾನು ಇತರರ ಭಾವನೆಗಳನ್ನು ಚೆನ್ನಾಗಿ ಅರಿಯುತ್ತೇನೆ” ಎಂಬಂಥ ಹೇಳಿಕೆಗಳಿಗೆ ಅಂಕ ಕೊಟ್ಟುಕೊಳ್ಳುವ ಪ್ರಶ್ನಾವಳಿಗಳನ್ನು ಆಯ್ಕೆಯಲ್ಲಿ ಬಳಸಬೇಡಿ. ಅಲ್ಲಿ ಬೇಕಾದ ಉತ್ತರ ಯಾವುದೆಂದು ಎಲ್ಲರಿಗೂ ಗೊತ್ತು. ಅದಲ್ಲದೆ, ಈ ಸಾಮರ್ಥ್ಯ ಕಡಿಮೆಯಿರುವವರು ತಮ್ಮ ಮಟ್ಟವನ್ನು ಬಹಳ ಹೆಚ್ಚಾಗಿ ಅಂದಾಜಿಸಿಕೊಳ್ಳುತ್ತಾರೆ, ಕೊರತೆಯನ್ನು ತೋರಿಸಿಕೊಟ್ಟಾಗ ಪರೀಕ್ಷೆಯನ್ನೇ ದೂರುತ್ತಾರೆ ಎಂಬುದನ್ನು ಡೇವಿಡ್ ಡನಿಂಗ್ ಮತ್ತು ಸಹೋದ್ಯೋಗಿಗಳ 2014ರ ಅಧ್ಯಯನ ತೋರಿಸಿದೆ. ಮೇಯರ್, ಸಲೋವೆ ಮತ್ತು ಡೇವಿಡ್ ಕರೂಸೊ ರೂಪಿಸಿದ ಪರೀಕ್ಷೆಯಂತೆ ಸಮಸ್ಯೆಗಳನ್ನು ಬಿಡಿಸುವ ಮಾದರಿಯವು ಮೇಲು, ಆದರೂ ಸರಿಯುತ್ತರವನ್ನು ತಿಳಿದಿರುವುದು ಒತ್ತಡದ ನಡುವೆ ಹಾಗೆ ನಡೆದುಕೊಳ್ಳುವುದಕ್ಕೆ ಸಮನಲ್ಲ.

ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕ್ರಮದಲ್ಲಿ, ಅವರು ನಿಜವಾಗಿ ಎದುರಿಸಿದ ಸನ್ನಿವೇಶಗಳ ಕುರಿತು ಕೇಳಿ: ಆಡಳಿತ ಬಯಸಿದ ಕ್ರಮವನ್ನು ನೀವು ತಡೆದ ಸಂದರ್ಭ ಯಾವುದು, ಒಬ್ಬ ಉದ್ಯೋಗಿಯ ಕುರಿತ ನಿಮ್ಮ ಅಭಿಪ್ರಾಯ ಬದಲಾದದ್ದು ಏನನ್ನು ಕೇಳಿ, ಆಮೇಲೆ ಯಾವ ಆದೇಶ ಅಥವಾ ನಿಯಮ ಬದಲಾಯಿತು? ಉತ್ತರದಲ್ಲಿ ಎದುರಿನ ವ್ಯಕ್ತಿಯ ಮಾತು, ಅವರಿದ್ದ ಪರಿಸ್ಥಿತಿ ವಿವರವಾಗಿ ಬರುತ್ತದೆಯೋ, ಅಥವಾ ಅಭ್ಯರ್ಥಿಯ ಒಳ್ಳೆಯತನವಷ್ಟೇ ಬರುತ್ತದೆಯೋ ಗಮನಿಸಿ. ಒಪ್ಪಿಗೆ ಪಡೆದು, ಹಿಂದೆ ಅವರ ಕೈಕೆಳಗೆ ಕೆಲಸ ಮಾಡಿದ ಇಬ್ಬರು ಮೂವರನ್ನೂ ಮಾತನಾಡಿಸಿ. ಸಂದರ್ಶಕರು ಪರಸ್ಪರ ಚರ್ಚಿಸುವ ಮೊದಲೇ ತಮ್ಮ ತಮ್ಮ ಅಂಕಗಳನ್ನು ಕಾರಣಸಹಿತ ಬರೆದಿಟ್ಟುಕೊಳ್ಳಲಿ. ಇಲ್ಲವಾದರೆ ಸಮಿತಿಯಲ್ಲಿ ಹಿರಿಯರಾದವರ ಮೆಚ್ಚುಗೆಯೇ ಎಲ್ಲರ ಅಭಿಪ್ರಾಯವಾಗಿಬಿಡುತ್ತದೆ.